ಡಿಸ್‌ಇನ್ಫರ್ಮೇಷನ್ ಅಂದರೆ ಬರೀ ತಪ್ಪು ಮಾಹಿತಿನಾ? ದೊಡ್ಡಮ್ಮನಿಗೆ ಈ ಪದ ಬಳಸಿ ಬೇಜಾರು ಮಾಡಿದೆ

ಹೊಸಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ಸುಮ್ನೆ ಕುತೂಹಲಕ್ಕಲ್ಲ, ಅದರಿಂದ ಮನೆಯಲ್ಲಿ ಮನಸ್ತಾಪ ಆಗಿದೆ.

ಹೋದ ವಾರ ನಮ್ಮ ದೊಡ್ಡಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಕಳಿಸಿದರು. ಮೈತುಂಬ ಗುಳ್ಳೆ ಎದ್ದಿರುವ ಮಗು. ಕೆಳಗೆ "ಲಸಿಕೆ ಹಾಕಿಸಿದ ಮರುದಿನವೇ ಹೀಗಾಯಿತು, ನಿಮ್ಮ ಮಕ್ಕಳನ್ನು ಕಾಪಾಡಿಕೊಳ್ಳಿ, ಎಲ್ಲರಿಗೂ ಕಳಿಸಿ" ಅಂತ ಬರೆದಿತ್ತು. ನನಗೆ ಅನುಮಾನ ಬಂತು. ಫೋಟೊ ಹಾಕಿ ಹುಡುಕಿದರೆ ಅದು ಎಷ್ಟೋ ವರ್ಷ ಹಳೆಯದು. ಬೇರೆ ಯಾವುದೋ ಚರ್ಮರೋಗದ ಬಗ್ಗೆ ವೈದ್ಯ ವಿದ್ಯಾರ್ಥಿಗಳಿಗೆ ವಿವರಿಸುವ ಪುಟದಲ್ಲಿದ್ದ ಚಿತ್ರ. ಲಸಿಕೆಗೂ ಅದಕ್ಕೂ ಸಂಬಂಧವೇ ಇಲ್ಲ.

ನಾನು ಕೋಪದಲ್ಲಿ ಗ್ರೂಪಿನಲ್ಲೇ, ಎಲ್ಲರೆದುರಿಗೆ, "ದೊಡ್ಡಮ್ಮ, ನೀವು ಡಿಸ್‌ಇನ್ಫರ್ಮೇಷನ್ ಹರಡ್ತಿದೀರಿ" ಅಂತ ಬರೆದುಬಿಟ್ಟೆ. ಅವರು ಫೋನ್ ಮಾಡಿ ಹಾಗಂದರೇನು ಅಂತ ಕೇಳಿದರು. ಬೇಕಂತಲೇ ಹಬ್ಬಿಸುವ ಸುಳ್ಳು ಅಂದೆ. ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ "ನಾನು ಬೇಕಂತ ಸುಳ್ಳು ಹೇಳ್ತೀನೇನೋ? ಮೊಮ್ಮಗೂಗೆ ಮುಂದಿನ ತಿಂಗಳು ಲಸಿಕೆ ಇದೆ, ಹೆದರಿಕೆ ಆಗಿ ಕಳಿಸಿದೆ" ಅಂದರು. ಅವತ್ತಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಈಗ ನನ್ನ ಪ್ರಶ್ನೆ. ಡಿಸ್‌ಇನ್ಫರ್ಮೇಷನ್, ಮಿಸ್‌ಇನ್ಫರ್ಮೇಷನ್ ಎರಡೂ ಒಂದೇ ಅಲ್ವಾ? ನಾನು ಬಳಸಿದ್ದು ತಪ್ಪಾ? ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇದೆಯಾ? ಇದ್ದಿದ್ದರೆ ಆವತ್ತು ನಾನು ಬಹುಶಃ ಬೇರೆ ಥರ ಹೇಳುತ್ತಿದ್ದೆ.

ಮಾತುಗಾರ

ದೊಡ್ಡಮ್ಮನಿಗೆ ಬೇಜಾರಾಗಿದ್ದು ಸರಿಯಾಗಿಯೇ ಇದೆ. ಆ ಪದ ಅವರಿಗೆ ಹೊಂದುವುದಿಲ್ಲ.

ನಿಜ ಅಂದುಕೊಂಡು ಹೇಳಿದ ತಪ್ಪು ವಿಷಯ ಮಿಸ್‌ಇನ್ಫರ್ಮೇಷನ್. ಸುಳ್ಳು ಅಂತ ಗೊತ್ತಿದ್ದೂ, ಜನರನ್ನು ನಂಬಿಸಬೇಕು ಅಂತಲೇ ಹೇಳಿದರೆ ಅದು ಡಿಸ್‌ಇನ್ಫರ್ಮೇಷನ್. ಎರಡರಲ್ಲೂ ಇರುವ ವಿಷಯ ಅಕ್ಷರಕ್ಕಕ್ಷರ ಒಂದೇ ಇರಬಹುದು. ಹೇಳುವವರ ಮನಸ್ಸಿನಲ್ಲಿ ಏನಿದೆ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. 2017ರಲ್ಲಿ ಕ್ಲೇರ್ ವಾರ್ಡಲ್ ಮತ್ತು ಹುಸೇನ್ ದೆರಖ್ಶಾನ್ ಅನ್ನುವ ಇಬ್ಬರು ಕೌನ್ಸಿಲ್ ಆಫ್ ಯುರೋಪ್ ಅನ್ನುವ ಯುರೋಪಿನ ದೇಶಗಳ ಸಂಸ್ಥೆಗೆ ಬರೆದ ವರದಿಯಲ್ಲಿ ಇವೆರಡರ ಜೊತೆ ಮೂರನೆಯದೊಂದನ್ನೂ ಸೇರಿಸಿದರು, ಮಾಲ್‌ಇನ್ಫರ್ಮೇಷನ್ ಅಂತ. ಅಂದರೆ ವಿಷಯ ನಿಜವೇ, ಆದರೆ ಅದನ್ನು ಒಬ್ಬರಿಗೆ ಕೇಡು ಮಾಡಲು ಬಳಸುವುದು. ಯಾರದೋ ಖಾಸಗಿ ಪತ್ರವನ್ನು ಬಯಲಿಗೆ ಎಳೆದ ಹಾಗೆ.

ಇಷ್ಟು ಹೇಳಿದರೆ ಸಾಕು ಅಂತ ಜಾಸ್ತಿ ಜನ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಮಾತು. ಒಂದೇ ಸುಳ್ಳು ಕೈಯಿಂದ ಕೈಗೆ ಹೋಗುವಾಗ ಅದರ ಹೆಸರು ಬದಲಾಗುತ್ತಾ ಹೋಗುತ್ತದೆ. ಒಂದು ಹಳೇ ಪ್ರಸಂಗ ಹೇಳುತ್ತೇನೆ, ನಿಧಾನವಾಗಿ ಓದಿ.

1983ರ ಜುಲೈನಲ್ಲಿ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಪತ್ರ ಅಚ್ಚಾಯಿತು. ಬರೆದವರು ಅಮೆರಿಕದ ಹೆಸರುವಾಸಿ ವಿಜ್ಞಾನಿ ಅಂತ ಅದರಲ್ಲಿತ್ತು. ಏಡ್ಸ್ ರೋಗ ತಾನಾಗಿ ಬಂದದ್ದಲ್ಲ, ಅಮೆರಿಕದ ಸೇನೆ ತನ್ನ ಪ್ರಯೋಗಾಲಯದಲ್ಲಿ ಮಾಡಿದ್ದು ಅನ್ನುವುದು ಪತ್ರದ ಸಾರ. ಅದೇ ವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಆ ರೋಗದ ವೈರಸ್ಸನ್ನು ಮೊದಲ ಸಲ ಗುರುತಿಸಿದ್ದರು. ಅಂದರೆ ರೋಗದ ಬಗ್ಗೆ ಯಾರಿಗೂ ಹೆಚ್ಚು ತಿಳಿಯದ, ಎಲ್ಲರಿಗೂ ಭಯ ಇದ್ದ ಕಾಲ. ಎರಡು ವರ್ಷ ಆ ಪತ್ರ ಹಾಗೇ ಬಿದ್ದಿತ್ತು. 1985ರ ಅಕ್ಟೋಬರ್‌ನಲ್ಲಿ ಸೋವಿಯತ್ ವಾರಪತ್ರಿಕೆ 'ಲಿತೆರಾತುರ್ನಾಯಾ ಗಜೆತಾ' ಅದನ್ನು ಕೈಗೆತ್ತಿಕೊಂಡಿತು. ಆಧಾರ ಏನು ಅಂದರೆ, ಭಾರತದ ಪತ್ರಿಕೆಯಲ್ಲಿ ಬಂದಿದೆಯಲ್ಲ ಅಂತ ಆ ಪೇಟ್ರಿಯಟ್ ಪತ್ರವನ್ನೇ ತೋರಿಸಿತು. ತಾವೇ ಬಿತ್ತಿದ್ದನ್ನು ತಾವೇ ಬೇರೆಯವರ ಹೊಲದಲ್ಲಿ ಕಂಡ ಹಾಗೆ ಬರೆದರು. ಇದರ ಹಿಂದೆ ಇದ್ದದ್ದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ.

ಆಮೇಲೆ ಪೂರ್ವ ಬರ್ಲಿನ್‌ನ ಜೀವಭೌತ ವಿಜ್ಞಾನಿ ಯಾಕೋಬ್ ಸೆಗಲ್ ಇದಕ್ಕೆ ವಿಜ್ಞಾನದ ವೇಷ ಹಾಕಿದ ಒಂದು ಬರಹ ಬರೆದರು. 1987ರ ಹೊತ್ತಿಗೆ ಈ ಕಥೆ 80ಕ್ಕೂ ಹೆಚ್ಚು ದೇಶಗಳಲ್ಲಿ, 30ಕ್ಕೂ ಹೆಚ್ಚು ಭಾಷೆಗಳಲ್ಲಿ ಓಡಾಡಿತ್ತು. ಕೊನೆಗೆ 1992ರಲ್ಲಿ, ಸೋವಿಯತ್ ಒಕ್ಕೂಟ ಒಡೆದ ಮೇಲೆ, ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ ಇದರಲ್ಲಿ ಕೆಜಿಬಿ ಕೈ ಇತ್ತು ಅಂತ ಒಪ್ಪಿಕೊಂಡರು.

ಈಗ ಸಾಲಾಗಿ ನೋಡಿ. ಪತ್ರ ಹೊಸೆದವರಿಗೆ ಅದು ಸುಳ್ಳು ಅಂತ ಗೊತ್ತಿತ್ತು, ಅವರು ಮಾಡಿದ್ದು ಡಿಸ್‌ಇನ್ಫರ್ಮೇಷನ್. ಸೆಗಲ್ ಕೊನೆಗಾಲದವರೆಗೂ ಅದೇ ವಾದ ಹಿಡಿದಿದ್ದರು, ನಂಬಿಯೇ ಹೇಳಿದಂತೆ ಕಾಣುತ್ತದೆ. ಅದನ್ನು ತಮ್ಮ ಭಾಷೆಗೆ ಇಳಿಸಿ ಅಚ್ಚು ಹಾಕಿದ ಸಣ್ಣ ಪತ್ರಿಕೆಯವರು, ಓದಿ ಪಕ್ಕದವರಿಗೆ ಹೇಳಿದವರು, ಅವರಲ್ಲಿ ಎಷ್ಟೋ ಜನಕ್ಕೆ ಮೋಸದ ಯೋಚನೆ ಇರಲಿಲ್ಲ. ಅವರ ಬಾಯಲ್ಲಿ ಅದೇ ಮಾತು ಮಿಸ್‌ಇನ್ಫರ್ಮೇಷನ್. ಇನ್ನೊಂದು ಸಂಗತಿ ಮರೆಯಬಾರದು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯವರೇ ಸುಮಾರು 400 ಕಪ್ಪು ಜನರಿಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದೆ ಅಂತ ಗೊತ್ತಿದ್ದೂ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತಾ ಕೂತಿದ್ದರು. ಅದು ನಿಜ. ಅಂಥ ನೋವು ಕಂಡವರಿಗೆ ಏಡ್ಸ್ ಕಥೆ ನಂಬಲು ಕಷ್ಟವಾಗಲಿಲ್ಲ. ನುರಿತ ಕೈಗಳು ಸುಳ್ಳಿನ ಗೋಡೆಯನ್ನು ನಿಜದ ಪಾಯದ ಮೇಲೆಯೇ ಕಟ್ಟುತ್ತವೆ.

ನಿಮ್ಮ ದೊಡ್ಡಮ್ಮ ಈ ಸಾಲಿನಲ್ಲಿ ಕೊನೆಯಲ್ಲಿ ನಿಂತವರು. ನೀವು ಅವರನ್ನು ಸಾಲಿನ ಮೊದಲಿಗೆ ತಂದು ನಿಲ್ಲಿಸಿದಿರಿ.

ಪದಪ್ರೀತಿ

ಕನ್ನಡದ ಪದದ ಪ್ರಶ್ನೆಗೆ ನಾನು ಬರೆಯುತ್ತೇನೆ. ಅನುವಾದ ನನ್ನ ಕೆಲಸ, ಈ ಎರಡು ಪದಗಳ ಜೊತೆ ತುಂಬ ದಿನ ಗುದ್ದಾಡಿದ್ದೇನೆ.

ಮೊದಲು ನನಗೆ ಹೊಳೆದದ್ದು ತಪ್ಪು ಮಾಹಿತಿ, ಸುಳ್ಳು ಮಾಹಿತಿ. ನಾವು "ಅವನು ತಪ್ಪು ಹೇಳಿದ" ಅನ್ನುವುದಕ್ಕೂ "ಅವನು ಸುಳ್ಳು ಹೇಳಿದ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಮೊದಲನೆಯದಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ. ಎರಡನೆಯದು ಅಂದರೆ ಆ ಮನುಷ್ಯನ ಮೇಲೆಯೇ ಆರೋಪ. ಮಗುವಿಗೂ ಈ ವ್ಯತ್ಯಾಸ ಗೊತ್ತು. ಹಾಗಾಗಿ ಸ್ವಲ್ಪ ದಿನ ಇದನ್ನೇ ಬಳಸಿದೆ.

ಆದರೆ ಎರಡು ಕಡೆ ಸಿಕ್ಕಿಹಾಕಿಕೊಂಡೆ. ಒಂದು, ಸುಳ್ಳು ಅನ್ನುವ ಪದಕ್ಕೆ ಉದ್ದೇಶ ಯಾವಾಗಲೂ ಅಂಟಿಕೊಂಡಿಲ್ಲ. "ಮಳೆ ಬರುತ್ತೆ ಅಂದಿದ್ದರು, ಸುಳ್ಳಾಯಿತು" ಅನ್ನುತ್ತೇವೆ, ಅಲ್ಲಿ ಯಾರೂ ಮೋಸ ಮಾಡಿಲ್ಲ. "ಸುಳ್ಳು ಸುದ್ದಿ" ಅನ್ನುವುದನ್ನೂ ನಿಜವಲ್ಲದ ಎಲ್ಲದಕ್ಕೂ ಬಳಸುತ್ತೇವೆ. ಎರಡನೆಯದು ಇನ್ನೂ ದೊಡ್ಡದು. ಡಿಸ್‌ಇನ್ಫರ್ಮೇಷನ್‌ನಲ್ಲಿ ಸುಳ್ಳೇ ಇರಬೇಕು ಅಂತಿಲ್ಲ. ನೀವು ಹೇಳಿದ ಫೋಟೊ ನಿಜವಾದ ಫೋಟೊ. ಮಗು ನಿಜ, ಗುಳ್ಳೆ ನಿಜ. ಅದರ ಕೆಳಗೆ ಬೇರೆ ಮಾತು ಅಂಟಿಸಿದ್ದೇ ಮೋಸ. ಅರ್ಧ ನಿಜ ಹೇಳಿ ಅರ್ಧ ಬಚ್ಚಿಡುವುದು, ಹತ್ತು ವರ್ಷ ಹಿಂದಿನದನ್ನು ಇವತ್ತಿನದು ಅಂತ ತೋರಿಸುವುದು, ಭಾಷಣದ ಎರಡು ತುಣುಕು ಕತ್ತರಿಸಿ ಜೋಡಿಸುವುದು, ಇವೆಲ್ಲ ಡಿಸ್‌ಇನ್ಫರ್ಮೇಷನ್ನೇ.

ಈಗ ನಾನು ಬಳಸುವುದು: ತಪ್ಪು ಮಾಹಿತಿ ಮತ್ತು ದಾರಿ ತಪ್ಪಿಸುವ ಮಾಹಿತಿ. ತಪ್ಪು, ತಪ್ಪಿಸು. ಆ ಒಂದು "ಇಸು" ಸೇರಿದ ತಕ್ಷಣ ಹಿಂದೆ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ. ಸುದ್ದಿ ಹಬ್ಬಿತು ಅಂದರೆ ತಾನಾಗಿ ಹಬ್ಬಿತು, ಸುದ್ದಿ ಹಬ್ಬಿಸಿದರು ಅಂದರೆ ಯಾರೋ ಕೂತು ಮಾಡಿದ ಕೆಲಸ. ಇಂಗ್ಲಿಷ್‌ನವರು ಪದದ ತಲೆಯಲ್ಲಿ ಮಿಸ್, ಡಿಸ್ ಅಂತ ಇಟ್ಟು ಹೇಳುವುದನ್ನು ನಮ್ಮ ಭಾಷೆ ಕ್ರಿಯಾಪದದ ಬಾಲದಲ್ಲಿ ಇಟ್ಟು ಹೇಳುತ್ತದೆ. ಇದು ತಲೆಗೆ ಬಂದ ದಿನ ನನಗೆ ಆದ ಖುಷಿ ಹೇಳತೀರದು. ಬರೀ "ತಪ್ಪಿಸುವ" ಅಂತ ಬರೆಯಬೇಡಿ, ಅದಕ್ಕೆ ನುಣುಚಿಕೊಳ್ಳುವ ಅರ್ಥ ಬಂದುಬಿಡುತ್ತದೆ. "ದಾರಿ" ಜೊತೆಗಿರಲಿ.

ಬೇರೆ ಪದಗಳ ಬಗ್ಗೆಯೂ ಎರಡು ಮಾತು. ವದಂತಿ, ಗಾಳಿಸುದ್ದಿ ಅಂದರೆ ಮೂಲ ಗೊತ್ತಿಲ್ಲದ್ದು, ಮುಂದೆ ನಿಜವೂ ಆಗಬಹುದು. ಅಪಪ್ರಚಾರ ಹತ್ತಿರ ಬರುತ್ತದೆ, ಆದರೆ ಅದಕ್ಕೆ ಒಬ್ಬ ಗುರಿ ಬೇಕು, ಯಾರದಾದರೂ ಹೆಸರು ಕೆಡಿಸುವ ಕೆಲಸ ಅದು. ದುರ್ಮಾಹಿತಿ ಅಂತ ಕೆಲವರು ಬರೆಯುತ್ತಾರೆ. ನನಗೆ ಒಗ್ಗಲಿಲ್ಲ. ಓದಿದವರಿಗೆ ಕೆಟ್ಟ ಮಾಹಿತಿ ಅನ್ನಿಸುತ್ತದೆಯೇ ಹೊರತು ಮೋಸ ಅನ್ನಿಸುವುದಿಲ್ಲ.

ತಿರುಗುಗಾಳಿ

ಪದ ಬಂದದ್ದೆಲ್ಲಿಂದ ಅನ್ನುವುದನ್ನೂ ಸೇರಿಸುತ್ತೇನೆ. ಡಿಸ್‌ಇನ್ಫರ್ಮೇಷನ್ ಅನ್ನುವುದು ರಷ್ಯನ್ನಿನ 'ದೆಜಿನ್‌ಫರ್ಮಾತ್ಸಿಯಾ' ಅನ್ನುವ ಪದದ ಜೊತೆ ಬೆಳೆದದ್ದು. 1923ರಲ್ಲೇ ಸೋವಿಯತ್ ಗುಪ್ತ ಪೊಲೀಸರೊಳಗೆ ಇದಕ್ಕೆಂದೇ ಒಂದು ವಿಭಾಗ ಮಾಡಿದ್ದರು. ಅಂದರೆ ಹುಟ್ಟಿನಲ್ಲೇ ಇದು ಕಚೇರಿ ಕೆಲಸದ ಹೆಸರು. ಯೋಜನೆ, ಹಣ, ಸಿಬ್ಬಂದಿ ಎಲ್ಲ ಇರುವ ಕೆಲಸ. 1978ರಲ್ಲಿ ಅಮೆರಿಕಕ್ಕೆ ಓಡಿಬಂದ ರೊಮೇನಿಯಾದ ಗುಪ್ತಚರ ಅಧಿಕಾರಿ ಇಯೋನ್ ಮಿಹಾಯ್ ಪಚೆಪಾ, ಈ ಪದಕ್ಕೆ ಫ್ರೆಂಚ್ ಸದ್ದು ಬರುವ ಹಾಗೆ ಸ್ಟಾಲಿನ್ನೇ ಮಾಡಿದ್ದು, ಪಶ್ಚಿಮದವರ ಚಾಳಿ ಅನ್ನಿಸಲಿ ಅಂತ, ಎಂದು ಹೇಳುತ್ತಿದ್ದರು. ಅದು ಅವರೊಬ್ಬರ ಮಾತು, ಹಾಗೆಂದೇ ಓದಿಕೊಳ್ಳಿ. ಮೋಸದ ಬಗೆಗಿನ ಪದದ ಮೂಲ ಹೇಳುವಾಗಲೂ ಎಚ್ಚರ ಬೇಕಲ್ಲ.

ಈ ಹಿನ್ನೆಲೆ ಯಾಕೆ ಹೇಳಿದೆ ಅಂದರೆ, ಸೋದರತ್ತೆ ದೊಡ್ಡಮ್ಮಂದಿರ ಫಾರ್ವರ್ಡ್‌ಗೆ ಹುಟ್ಟಿದ ಪದ ಅಲ್ಲ ಇದು.

ಅಡ್ಡಪ್ರಶ್ನೆ

ಎಲ್ಲ ಸರಿ, ಒಂದು ಕಡೆ ನನಗೆ ಒಪ್ಪಿಗೆ ಇಲ್ಲ. ಉದ್ದೇಶ ಉದ್ದೇಶ ಅಂತ ಎಲ್ಲರೂ ಸುಲಭವಾಗಿ ಹೇಳುತ್ತಿದ್ದೀರಿ. ಇನ್ನೊಬ್ಬರ ಮನಸ್ಸಿನಲ್ಲಿ ಏನಿತ್ತು ಅಂತ ತಿಳಿಯುವುದು ಹೇಗೆ?

ಲಸಿಕೆಯ ಮಾತೇ ಬಂದಿದೆ, ಅದನ್ನೇ ತಗೊಳ್ಳಿ. 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜೊತೆಯವರು 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 12 ಮಕ್ಕಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ದಡಾರ, ಮಂಗಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂ ಅನ್ನುವ ಮಕ್ಕಳ ಬೆಳವಣಿಗೆಯ ತೊಂದರೆಗೂ ನಂಟಿರಬಹುದು ಅನ್ನುವ ಭಯ ಅಲ್ಲಿಂದ ಶುರುವಾಯಿತು. ಆಮೇಲೆ ಲಕ್ಷಾಂತರ ಮಕ್ಕಳನ್ನು ಸೇರಿಸಿ ಮಾಡಿದ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. ಪತ್ರಕರ್ತ ಬ್ರಯಾನ್ ಡೀರ್ ವರ್ಷಗಟ್ಟಲೆ ಬೆನ್ನು ಹತ್ತಿ, ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದನ್ನು ಹೊರಗೆಳೆದರು. 2010ರಲ್ಲಿ ಲ್ಯಾನ್ಸೆಟ್ ಲೇಖನವನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಅವರ ವೈದ್ಯ ನೋಂದಣಿ ರದ್ದಾಯಿತು. 2011ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಆ ಕೆಲಸವನ್ನು ನೇರವಾಗಿ ವಂಚನೆ ಅಂತ ಕರೆಯಿತು.

1998ರಿಂದ 2010, ಹನ್ನೆರಡು ವರ್ಷ. ಅಲ್ಲಿಯವರೆಗೆ ಅದನ್ನು ತಪ್ಪು ಅನ್ನಲು ಸಾಕ್ಷಿ ಇತ್ತು, ಮೋಸ ಅನ್ನಲು ಸಾಕ್ಷಿ ನಿಧಾನಕ್ಕೆ ಸಿಕ್ಕಿತು. ನಾನಾಗಿದ್ದರೆ ಕಾಗದಪತ್ರ ಸಿಗುವವರೆಗೆ ತಪ್ಪು ಅಂತ ಮಾತ್ರ ಹೇಳುತ್ತಿದ್ದೆ. ಸಿಗರೇಟು ಕಂಪನಿಗಳದ್ದೂ ಹೀಗೆಯೇ. ಹೊಗೆಸೊಪ್ಪಿನಿಂದ ಕ್ಯಾನ್ಸರ್ ಬರುತ್ತದೆ ಅಂತ ಸಂಶೋಧನೆ ಬಂದಾಗ 1954ರ ಜನವರಿಯಲ್ಲಿ ಅಮೆರಿಕದ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಇದು ಇನ್ನೂ ಸಾಬೀತಾಗಿಲ್ಲ ಅಂದರು. 1969ರ ಒಂದು ಕಂಪನಿಯ ಒಳಟಿಪ್ಪಣಿಯಲ್ಲಿ, ಅನುಮಾನವೇ ನಾವು ಮಾರುವ ಸರಕು ಅನ್ನುವ ಅರ್ಥದ ಸಾಲು ಇತ್ತು. ಆ ಟಿಪ್ಪಣಿ ಹೊರಗೆ ಬಂದ ಮೇಲೆ ಉದ್ದೇಶದ ಬಗ್ಗೆ ವಾದ ಮಾಡಲು ಏನೂ ಉಳಿಯಲಿಲ್ಲ.

ಇದನ್ನು ಇಷ್ಟು ಎಳೆದು ಹೇಳಲು ಕಾರಣ ಇದೆ. ಈಗ ತಮಗೆ ಒಪ್ಪಿಗೆಯಾಗದ್ದನ್ನೆಲ್ಲ ಡಿಸ್‌ಇನ್ಫರ್ಮೇಷನ್ ಅಂತ ಕರೆಯುವ ಅಭ್ಯಾಸ ಬಂದಿದೆ. ಅಭಿಪ್ರಾಯ ಬೇರೆ ಇದ್ದರೂ ಅದೇ ಪದ, ಲೆಕ್ಕ ತಪ್ಪಿದರೂ ಅದೇ ಪದ, ಅಧಿಕಾರದಲ್ಲಿ ಇರುವವರಿಗೆ ಬೇಡದ ಪ್ರಶ್ನೆ ಕೇಳಿದರೂ ಅದೇ ಪದ. ಹೀಗೆ ಬಳಸಿದರೆ ನಾಳೆ ನಿಜವಾಗಿಯೂ ಯಾರೋ ಕೂತು ಹೊಸೆದ ಮೋಸ ಬಂದಾಗ ಅದನ್ನು ಕರೆಯಲು ನಮ್ಮ ಹತ್ತಿರ ಪದವೇ ಇರುವುದಿಲ್ಲ. ನನಗೆ ಇದರ ಬಗ್ಗೆ ನಿಜವಾಗಿಯೂ ಹೆದರಿಕೆ ಇದೆ.

ಪದಪ್ರೀತಿ

@ಅಡ್ಡಪ್ರಶ್ನೆ, ಒಪ್ಪಿದೆ. ಅನುವಾದದಲ್ಲೂ ಇದೇ ಪಾಡು. ಮೂಲದಲ್ಲಿ ಡಿಸ್‌ಇನ್ಫರ್ಮೇಷನ್ ಅಂತ ಇದ್ದು, ಬರೆದವರು ಉದ್ದೇಶಕ್ಕೆ ಒಂದೂ ಸಾಕ್ಷಿ ಕೊಡದೇ ಇದ್ದಾಗ ನನ್ನ ಕೈ ಅಲ್ಲೇ ನಿಲ್ಲುತ್ತದೆ. ಆದರೂ ಅವರ ಪದವನ್ನು ಅವರ ಪದವಾಗಿಯೇ ಇಳಿಸುತ್ತೇನೆ, ತಗ್ಗಿಸುವ ಹಕ್ಕು ನನಗಿಲ್ಲ.

ಮಳೆಬಿಲ್ಲು

ಪದದ ಚರ್ಚೆ ಚೆನ್ನಾಗಿದೆ, ನಾನು ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ಗ್ರೂಪಿನಲ್ಲಿ ಅಲ್ಲ, ಅವರೊಬ್ಬರ ಹತ್ತಿರ ಮಾತಾಡಿ. ಮೊದಲು ಕ್ಷಮೆ ಕೇಳಿ, ಆಮೇಲೆ ಫೋಟೊ ವಿಷಯ. ಮೊದಲ ಸಾಲಿನಲ್ಲೇ ನಿಜ ಏನು ಅಂತ ಹೇಳಿ: ಇದು ಇಂಥ ರೋಗದ ಹಳೇ ಚಿತ್ರ. ಸುಳ್ಳನ್ನು ಮತ್ತೆ ಮತ್ತೆ ಎತ್ತಿ ಆಡಬೇಡಿ, ಫೋಟೊವನ್ನು ಮತ್ತೆ ಕಳಿಸಬೇಡಿ. ಒಂದು ಮಾತನ್ನು ಪದೇ ಪದೇ ಕೇಳಿದರೆ ಅದು ನಿಜ ಅನ್ನಿಸಲು ಶುರುವಾಗುತ್ತದೆ ಅಂತ 1977ರಲ್ಲೇ ಮನಶ್ಶಾಸ್ತ್ರದವರು ಪ್ರಯೋಗ ಮಾಡಿ ತೋರಿಸಿದ್ದಾರೆ. ಇಲ್ಲ ಅನ್ನಲು ಹೇಳಿದರೂ ಕಿವಿಗೆ ಬೀಳುವುದು ಅದೇ ಮಾತು.

ಮತ್ತೆ ಲಸಿಕೆ ಹಾಕಿಸುವ ದಿನ ನೀವೂ ಜೊತೆಗೆ ಹೋಗಿ. ಅವರ ಹೆದರಿಕೆ ಸುಳ್ಳಲ್ಲ ಅಲ್ವಾ. ಸಣ್ಣ ಜ್ವರ, ಚುಚ್ಚಿದ ಜಾಗದಲ್ಲಿ ನೋವು ಬರುವುದುಂಟು. ಅದನ್ನು ಮುಂಚೆಯೇ ಡಾಕ್ಟರ ಬಾಯಿಂದ ಕೇಳಿಸಿ. ಇಲ್ಲದಿದ್ದರೆ ಆ ಜ್ವರವೇ ಮುಂದಿನ ಫಾರ್ವರ್ಡ್‌ಗೆ ಸಾಕ್ಷಿ ಆಗಿಬಿಡುತ್ತದೆ.

ಹೊಸಓದುಗ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡೆರಡು ಸಲ ಓದಿದೆ.

ನಿನ್ನೆ ದೊಡ್ಡಮ್ಮನ ಮನೆಗೇ ಹೋದೆ. ಆ ಪದ ನಿಮಗೆ ಹೇಳಬಾರದಿತ್ತು, ನೀವು ನಂಬಿ ಕಳಿಸಿದಿರಿ, ನಿಮ್ಮನ್ನು ನಂಬಿಸಿದವರು ಬೇರೆ ಅಂದೆ. ತಪ್ಪು, ದಾರಿ ತಪ್ಪಿಸು ಅನ್ನುವುದನ್ನೂ ಹೇಳಿದೆ. ಅವರಿಗೆ ಅದು ತಕ್ಷಣ ಅರ್ಥ ಆಯಿತು, ನಾನು ವಿವರಿಸುವ ಮುಂಚೆಯೇ "ಹಾಗಾದ್ರೆ ತಪ್ಪಿಸಿದವರು ಯಾರು?" ಅಂತ ಕೇಳಿದರು.

ಇಬ್ಬರೂ ಕೂತು ಹುಡುಕಿದೆವು. ಅವರಿಗೆ ಕಳಿಸಿದ್ದು ಅವರ ಗೆಳತಿ. ಅವರಿಗೆ ಫೋನ್ ಮಾಡಿದೆವು, ಅವರಿಗೆ ಬಂದದ್ದು ಅವರ ಮಗಳ ಸ್ನೇಹಿತೆಯಿಂದ. ಆ ಹುಡುಗಿಗೆ ಇನ್ನೊಂದು ಗ್ರೂಪಿನಿಂದ. ಅಲ್ಲಿ ಬರುವಾಗಲೇ ಮೇಲೆ ಎರಡು ಬಾಣದ ಗುರುತು, ತುಂಬ ಸಲ ಫಾರ್ವರ್ಡ್ ಆಗಿದೆ ಅಂತ. ಅದಕ್ಕಿಂತ ಹಿಂದೆ ಹೋಗಲು ಆಗಲಿಲ್ಲ. ದಾರಿಯಲ್ಲಿ ಸಿಕ್ಕಿದ ಇಬ್ಬರೂ ಒಂದೇ ಮಾತು ಹೇಳಿದರು, ಮಕ್ಕಳ ವಿಷಯ ಅಲ್ವಾ, ಅದಕ್ಕೆ ಕಳಿಸಿದೆ ಅಂತ.

ದೊಡ್ಡಮ್ಮ ಆ ಇಬ್ಬರಿಗೂ ತಾವೇ ಮೆಸೇಜ್ ಮಾಡಿದರು. ಗ್ರೂಪಿನಲ್ಲಿ ಅವರ ಪರವಾಗಿ ಬರೆಯುವುದು ನನ್ನ ಕೆಲಸ ಅಂತ ಹೇಳಿದ್ದಾರೆ, ಇವತ್ತು ಸಂಜೆ ಬರೆಯುತ್ತೇನೆ. ಮೊದಲ ಸಾಲು ಫೋಟೊ ಯಾವುದು ಅನ್ನುವುದು, ಎರಡನೆಯದು ನನ್ನ ಕ್ಷಮೆ. ಲಸಿಕೆಗೆ 14ನೇ ತಾರೀಕು ಹೋಗುತ್ತಿದ್ದೇವೆ.